ದೃಷ್ಟಿಯಿಲ್ಲದ ಮಕ್ಕಳ ಹರೆಯ: ಹೆತ್ತವರು ಬಾಯಿಬಿಟ್ಟು ಹೇಳಬೇಕಾದ ಮಾತುಗಳು

ಕಣ್ಣು ಕಾಣುವ ಮಕ್ಕಳು ಹರೆಯಕ್ಕೆ ಕಾಲಿಡುವಷ್ಟರಲ್ಲಿ ಯಾರೂ ಕೂರಿಸಿ ಪಾಠ ಮಾಡದೆಯೇ ಎಷ್ಟೋ ಸಂಗತಿಗಳನ್ನು ಕಲಿತಿರುತ್ತಾರೆ. ಅಣ್ಣನಿಗೆ ಮೀಸೆ ಮೂಡುವುದನ್ನು ನೋಡುತ್ತಾರೆ. ಅತ್ತಿಗೆಯ ಹೊಟ್ಟೆ ತಿಂಗಳಿಂದ ತಿಂಗಳಿಗೆ ದೊಡ್ಡದಾಗುವುದನ್ನು, ಆಮೇಲೆ ತೊಟ್ಟಿಲಲ್ಲಿ ಮಗು ಮಲಗಿರುವುದನ್ನು ನೋಡುತ್ತಾರೆ. ಅಕ್ಕ ತಿಂಗಳಲ್ಲಿ ಕೆಲವು ದಿನ ನಮಾಝಿಗೆ ನಿಲ್ಲದಿರುವುದನ್ನು ಗಮನಿಸುತ್ತಾರೆ. ಅಂಗಡಿಯ ಕಪಾಟಿನಲ್ಲಿರುವ ಪ್ಯಾಡಿನ ಪೊಟ್ಟಣ, ವಿಜ್ಞಾನ ಪುಸ್ತಕದ ಚಿತ್ರ, ಗೆಳತಿಯ ಕಣ್ಸನ್ನೆ ಎಲ್ಲವೂ ಒಂದೊಂದು ತುಣುಕು ತಿಳಿವಳಿಕೆಯನ್ನು ಕೊಡುತ್ತವೆ. ಆದ್ದರಿಂದ ಮನೆಯವರು ಏನೂ ಹೇಳದಿದ್ದರೂ ಆ ಮಕ್ಕಳು ಹೇಗೋ ದಾರಿ ಕಂಡುಕೊಳ್ಳುತ್ತಾರೆ.

ಹುಟ್ಟಿನಿಂದ ಅಥವಾ ಬಾಲ್ಯದಿಂದ ದೃಷ್ಟಿಯಿಲ್ಲದ ಮಗುವಿಗೆ ಈ ಯಾವ ದಾರಿಯೂ ಇಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ, ಕೈಗೆ ಕೊಟ್ಟು ತೋರಿಸಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ನಮ್ಮ ಮನೆಗಳಲ್ಲಾದರೋ ಇಂಥ ವಿಷಯಗಳನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. ನಾವು ಲಜ್ಜೆ ಎಂದುಕೊಂಡು ಪಾಲಿಸುವ ಮೌನದ ಬೆಲೆಯನ್ನು ಕಾಣುವ ಮಗುವಿಗಿಂತ ಕಾಣದ ಮಗು ಹೆಚ್ಚಾಗಿ ತೆರುತ್ತದೆ. ಶುದ್ಧಿ, ಆರೋಗ್ಯ, ಸುರಕ್ಷೆ, ಮದುವೆ, ಕೊನೆಗೆ ತಾನು ಯಾರು ಎಂಬ ಅರಿವು ಎಲ್ಲದರಲ್ಲೂ ಈ ಬೆಲೆ ತೆರಬೇಕಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಪೂರ್ತಿ ಅಂಧರಾದವರ ಬಗ್ಗೆ ಮಾತ್ರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಧತ್ವ ಮತ್ತು ಮಂದದೃಷ್ಟಿ ಎಂಬ ಎರಡು ವಿಭಾಗಗಳಿವೆ. ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. 6/18ರಿಂದ 3/60ರವರೆಗಿನದು ಮಂದದೃಷ್ಟಿ. ಮಂದದೃಷ್ಟಿಯ ಮಕ್ಕಳು ನಡೆದಾಡುವಾಗ ಬೇರೆಯವರಂತೆಯೇ ಕಾಣಿಸುತ್ತಾರೆ. ಆದರೆ ಬಟ್ಟೆಯ ಮೇಲಿನ ಕಲೆ, ಎದುರಿನವರ ಮುಖಭಾವ, ಪುಸ್ತಕದ ಸಣ್ಣ ಚಿತ್ರ ಅವರಿಗೂ ಕಾಣಿಸದು.

ಲಜ್ಜೆಯೆಂದರೆ ಮೌನವಲ್ಲ

‘ಇದನ್ನೆಲ್ಲ ಮಕ್ಕಳೊಂದಿಗೆ ಮಾತಾಡುವುದು ನಮ್ಮ ಸಂಸ್ಕೃತಿಯಲ್ಲ’ ಎನ್ನುವವರು ನಮ್ಮ ಇತಿಹಾಸವನ್ನೊಮ್ಮೆ ನೋಡಬೇಕು. ಮುಟ್ಟಿನ ನಂತರ ಶುದ್ಧಿಯಾಗುವುದು ಹೇಗೆಂದು ಕೇಳಲು ಅನ್ಸಾರಿ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಕಸ್ತೂರಿಯ ಪರಿಮಳವಿರುವ ಬಟ್ಟೆಯ ತುಂಡಿನಿಂದ ಶುದ್ಧಿಮಾಡಿಕೊಳ್ಳುವಂತೆ ಪ್ರವಾದಿ(ಸ) ಹೇಳಿದರು. ಆಕೆಗೆ ಅರ್ಥವಾಗಲಿಲ್ಲ. ಮತ್ತೆ ‘ಹೇಗೆ’ ಎಂದು ಕೇಳಿದರು. ಪ್ರವಾದಿವರ್ಯರು(ಸ) ಸಂಕೋಚದಿಂದ ಮುಖ ತಿರುಗಿಸಿಕೊಂಡರು. ಆಗ ಹಝ್ರತ್ ಆಯಿಶಾ(ರ) ಆಕೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ರಕ್ತದ ಗುರುತಿರುವಲ್ಲಿ ಹೇಗೆ ಒರೆಸಿಕೊಳ್ಳಬೇಕೆಂದು ಬಿಡಿಸಿ ಹೇಳಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆಯಿದೆ. ಇಲ್ಲಿ ಲಜ್ಜೆಯೂ ಉಳಿಯಿತು, ಕಲಿಕೆಯೂ ನಡೆಯಿತು. ಸೂಚ್ಯವಾಗಿ ಹೇಳಿದ್ದು ಅರ್ಥವಾಗದಿದ್ದಾಗ ಹತ್ತಿರದವರೊಬ್ಬರು ಬಿಡಿಸಿ ಹೇಳಬೇಕು ಎಂಬುದೇ ಇದರ ಪಾಠ.

ಸ್ತ್ರೀಯರಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಹಝ್ರತ್ ಉಮ್ಮು ಸುಲೈಮ್(ರ) ನೇರವಾಗಿಯೇ ಕೇಳಿದ್ದರು. ಧರ್ಮವನ್ನು ತಿಳಿದುಕೊಳ್ಳಲು ಲಜ್ಜೆ ಅಡ್ಡಿಯಾಗದಂತೆ ನೋಡಿಕೊಂಡ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡಿದ್ದರು. ಆ ಪರಂಪರೆಯ ವಾರಸುದಾರರಾದ ನಾವು ಕಣ್ಣು ಕಾಣದ ಮಗಳ ಮುಂದೆ ‘ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ’ ಎಂದುಬಿಟ್ಟರೆ, ಅವಳಿಗೆ ಗೊತ್ತಾಗುವುದು ಎಲ್ಲಿಂದ?

ಆರಂಭ ಎಲ್ಲಿಂದ?

ಹೆಣ್ಣುಮಕ್ಕಳಲ್ಲಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಹರೆಯದ ಬದಲಾವಣೆಗಳು ಆರಂಭವಾಗುತ್ತವೆ. ಮಾತುಕತೆ ಅದಕ್ಕಿಂತ ಮೊದಲೇ ಶುರುವಾಗಿರಬೇಕು.

ಮೂರು-ನಾಲ್ಕು ವರ್ಷದಲ್ಲಿ ಕೈ, ಕಾಲು, ಮೂಗಿನ ಹೆಸರುಗಳನ್ನು ಕಲಿಸುವಾಗಲೇ ಗುಪ್ತಾಂಗಗಳ ಹೆಸರನ್ನೂ ಕಲಿಸಿ. ಹೆಸರೇ ಗೊತ್ತಿಲ್ಲದ ಅಂಗದಲ್ಲಿ ನೋವಾದರೆ, ಅಲ್ಲಿ ಯಾರಾದರೂ ಮುಟ್ಟಿದರೆ, ಮಗು ಏನೆಂದು ಹೇಳೀತು?

‘ನೋಟ’ ಎಂದರೇನು ಎಂಬುದನ್ನೂ ಕಲಿಸಬೇಕು. ಕೈಗೆಟುಕದಷ್ಟು ದೂರದಲ್ಲಿರುವವರು ತನ್ನನ್ನು ನೋಡಬಲ್ಲರು ಎಂಬ ಕಲ್ಪನೆ ಹುಟ್ಟು ಅಂಧ ಮಗುವಿಗೆ ಸಹಜವಾಗಿ ಬರುವುದಿಲ್ಲ. ಕಿಟಕಿ ತೆರೆದಿದ್ದರೆ ಎದುರು ಮನೆಯವರಿಗೆ ಕಾಣುತ್ತದೆ, ಗಾಜು ಮುಚ್ಚಿದ್ದರೂ ಕಾಣುತ್ತದೆ, ತೆಳು ಬಟ್ಟೆಯ ಮೂಲಕ ಮೈ ಕಾಣುತ್ತದೆ, ದೀಪ ಉರಿಯುತ್ತಿದ್ದರೆ ರಾತ್ರಿಯಲ್ಲೂ ಕಾಣುತ್ತದೆ. ಇದನ್ನೆಲ್ಲ ಮಾತಿನಲ್ಲಿ ಹೇಳಬೇಕು. ಅಂಧ ಹುಡುಗನೊಬ್ಬ ನಾಲ್ಕು ಜನರ ಮುಂದೆ ಗುಪ್ತಾಂಗ ಮುಟ್ಟಿಕೊಂಡರೆ ಬೈದು, ಹೊಡೆದು ನಾಚಿಕೆಗೆಟ್ಟವನೆನ್ನುತ್ತೇವೆ. ಎಷ್ಟೋ ವೇಳೆ ತನ್ನನ್ನು ಇತರರು ನೋಡುತ್ತಿದ್ದಾರೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ. ‘ಇದು ಖಾಸಗಿ ವಿಷಯ. ಇಲ್ಲಿ ಎಲ್ಲರಿಗೂ ಕಾಣುತ್ತದೆ’ ಎಂದು ಶಾಂತವಾಗಿ ಎರಡು ಮಾತು ಹೇಳಿದರೆ ಸಾಕು.

ಶರೀರದ ರಚನೆಯನ್ನು ತಿಳಿಸಲು ಚಿತ್ರದ ಬದಲು ಕೈಗೆ ಸಿಗುವ ವಸ್ತುಗಳು ಬೇಕು. ಚಪಾತಿ ಹಿಟ್ಟು ಅಥವಾ ಜೇಡಿಮಣ್ಣಿನಲ್ಲಿ ಗರ್ಭಕೋಶದ ಆಕಾರ ಮಾಡಿ ತೋರಿಸಬಹುದು. ಬಟ್ಟೆಯ ಗೊಂಬೆಯನ್ನು ಬಳಸಬಹುದು. ಅಂಧ ಮಕ್ಕಳ ಶಾಲೆಗಳಲ್ಲಿ ಉಬ್ಬುಚಿತ್ರಗಳು ಸಿಕ್ಕಿದರೆ ಕೇಳಿ ಪಡೆಯಿರಿ. ಹೆಣ್ಣುಮಕ್ಕಳಿಗೆ ತಾಯಿ ಅಥವಾ ಅಕ್ಕ, ಗಂಡುಮಕ್ಕಳಿಗೆ ತಂದೆ ಅಥವಾ ಅಣ್ಣ ಹೇಳಿಕೊಡಲಿ.

ಅನುಮತಿ ಕೇಳುವ ಶಿಸ್ತನ್ನು ಪವಿತ್ರ ಕುರ್‌ಆನ್ ಮನೆಯೊಳಗೇ ಕಲಿಸಿದೆ. ಸುಬ್‌ಹ್ ನಮಾಝಿಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾ ನಮಾಝಿನ ನಂತರ ಹೀಗೆ ಮೂರು ಹೊತ್ತು ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು, ಪ್ರಾಯಕ್ಕೆ ಬಂದ ಮೇಲೆ ಎಲ್ಲ ಹೊತ್ತಿನಲ್ಲೂ ಕೇಳಬೇಕು ಎಂದು ಸೂರಃ ಅನ್ನೂರ್‌ನ 58 ಮತ್ತು 59ನೇ ಸೂಕ್ತಗಳು ತಿಳಿಸುತ್ತವೆ. ಈ ನಿಯಮ ಅಂಧ ಮಗುವಿನ ಪಾಲಿಗೂ ಇದೆ. ಆದರೆ ಅವಳು ಬಟ್ಟೆ ಬದಲಿಸುತ್ತಿರುವಾಗ ‘ಅವಳಿಗೇನು ಕಾಣುತ್ತದೆಯೇ’ ಎಂದು ಬಾಗಿಲು ತಟ್ಟದೆ ಒಳನುಗ್ಗುವವರು ಎಷ್ಟು ಜನ! ಕಾಣದಿರುವುದು ಅವಳಿಗೆ. ನುಗ್ಗಿದವರಿಗೆ ಕಣ್ಣಿದೆಯಲ್ಲ? ಅವಳ ಕೋಣೆಗೆ ಹೋಗುವಾಗ ಬಾಗಿಲು ತಟ್ಟಿ, ಹೆಸರು ಹೇಳಿ, ಒಪ್ಪಿಗೆ ಕೇಳಿ. ತನ್ನ ದೇಹ ತನ್ನದು ಎಂಬ ಪಾಠ ಅವಳಿಗೆ ಅಲ್ಲಿಂದಲೇ ಶುರುವಾಗುತ್ತದೆ.

ಹೆಣ್ಣುಮಕ್ಕಳು: ಮುಟ್ಟು ಮತ್ತು ಶುದ್ಧಿ

ಮೊದಲ ಮುಟ್ಟು ಬರುವ ಮೊದಲೇ ಪ್ಯಾಡನ್ನು ಅವಳ ಕೈಗೆ ಕೊಡಿ. ಅಂಟಿನ ಬದಿ ಯಾವುದು, ಮೆತ್ತಗಿನ ಬದಿ ಯಾವುದು, ಒಳಉಡುಪಿನ ಹೊಲಿಗೆಯನ್ನು ಗುರುತಾಗಿಟ್ಟುಕೊಂಡು ಎಲ್ಲಿ ಅಂಟಿಸಬೇಕು, ಬಳಸಿದ್ದನ್ನು ಹೇಗೆ ಸುತ್ತಿ ಎಲ್ಲಿ ಹಾಕಬೇಕು ಎಂಬುದನ್ನು ನಾಲ್ಕೈದು ಸಲ ಒಣ ಅಭ್ಯಾಸ ಮಾಡಿಸಿ. ಕೈಯಲ್ಲಿ ಅಭ್ಯಾಸವಾದರೆ ಆ ದಿನ ಬಂದಾಗ ಗಾಬರಿಯಾಗುವುದಿಲ್ಲ.

ಮುಟ್ಟು ಆರಂಭವಾದುದನ್ನು ಅವಳು ಕಣ್ಣಿಂದ ತಿಳಿಯಲಾರಳು. ಒದ್ದೆಯ ಅನುಭವ, ವಾಸನೆ, ಹೊಟ್ಟೆನೋವು, ದಿನಗಳ ಲೆಕ್ಕ ಇವೇ ಅವಳ ಸಾಧನಗಳು. ಮೊಬೈಲಿನ ಧ್ವನಿ ಟಿಪ್ಪಣಿಯಲ್ಲಿ ದಿನಾಂಕ ಹೇಳಿಡಬಹುದು. ದಾರಕ್ಕೆ ದಿನಕ್ಕೊಂದರಂತೆ ಮಣಿ ಪೋಣಿಸಿಯೂ ಲೆಕ್ಕವಿಡಬಹುದು. ಬರುವ ಅಂದಾಜಿರುವ ದಿನಗಳಲ್ಲಿ ಮುಂಚಿತವಾಗಿಯೇ ಪ್ಯಾಡ್ ಧರಿಸಲಿ. ಸ್ರಾವ ಕಡಿಮೆಯೆನಿಸಿದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲಿ. ಬದಲಿಸುವ ಮೊದಲೂ ನಂತರವೂ ಸೋಪಿನಿಂದ ಕೈ ತೊಳೆಯಲಿ. ಬಟ್ಟೆ ಬಳಸುವವರು ಸೋಪು ಹಾಕಿ ತೊಳೆದು ಬಿಸಿಲಿನಲ್ಲೇ ಒಣಗಿಸಬೇಕು. ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಗಿಸಿದ ಬಟ್ಟೆ ಸೋಂಕಿಗೆ ದಾರಿ.

ಬಟ್ಟೆಯ ಮೇಲೆ ಕಲೆಯಾಗಿದೆಯೇ ಎಂದು ನೋಡಿ ಹೇಳುವ ಒಬ್ಬ ನಂಬಿಕಸ್ಥೆ ಮನೆಯಲ್ಲೂ, ಶಾಲೆ-ಕಾಲೇಜಿನಲ್ಲೂ ಇರಲಿ. ಇಬ್ಬರ ನಡುವೆ ಒಂದು ಗುಟ್ಟಿನ ಮಾತು ಇದ್ದರೆ ನಾಲ್ಕು ಜನರೆದುರೂ ಮುಜುಗರವಿಲ್ಲದೆ ಕೇಳಬಹುದು.

ನಮಾಝ್ ಮತ್ತೆ ಯಾವಾಗ ಆರಂಭಿಸಬೇಕು ಎಂಬುದು ಈ ಹೆಣ್ಣುಮಕ್ಕಳ ದೊಡ್ಡ ಚಿಂತೆ. ಮುಟ್ಟು ನಿಂತುದಕ್ಕೆ ಧರ್ಮಶಾಸ್ತ್ರ ಎರಡು ಗುರುತುಗಳನ್ನು ಹೇಳುತ್ತದೆ: ಬಿಳಿ ಸ್ರಾವ ಕಾಣಿಸುವುದು, ಇಲ್ಲವೇ ಇಟ್ಟ ಹತ್ತಿ ಒಣಗಿಯೇ ಹೊರಬರುವುದು. ಮೊದಲನೆಯದು ಕಣ್ಣಿನ ಕೆಲಸ. ಎರಡನೆಯದನ್ನು ಬೆರಳೂ ಹೇಳಬಲ್ಲದು. ಹತ್ತಿಯಲ್ಲಿ ತೇವವಿದ್ದು, ಅದರ ಬಣ್ಣ ತಿಳಿಯದೆ ಸಂಶಯ ಬಂದರೆ ತಾಯಿಗೋ ಅಕ್ಕನಿಗೋ ತೋರಿಸಿ ಕೇಳಲಿ. ಇದರಲ್ಲಿ ಅವಮಾನವೇನೂ ಇಲ್ಲ. ಕಣ್ಣಿದ್ದ ಮಹಿಳೆಯರೇ ಹತ್ತಿಯನ್ನು ಡಬ್ಬಿಯಲ್ಲಿಟ್ಟು ಹಝ್ರತ್ ಆಯಿಶಾರ(ರ) ಬಳಿಗೆ ಕಳುಹಿಸಿ ಕೇಳುತ್ತಿದ್ದರು, ಅವರು ನೋಡಿ ಅವಸರ ಮಾಡಬೇಡಿ ಎಂದು ಹೇಳಿ ಕಳುಹಿಸುತ್ತಿದ್ದರು. ಪ್ರತಿ ತಿಂಗಳೂ ಸಂಶಯ ಕಾಡುವುದಾದರೆ ನಿಮಗೆ ನಂಬಿಕೆಯಿರುವ ವಿದ್ವಾಂಸರಲ್ಲಿ ವಿಚಾರಿಸಿ ಒಂದು ಕ್ರಮ ಗೊತ್ತುಮಾಡಿಕೊಡಿ.

ಕೆಲವು ಲಕ್ಷಣಗಳಿದ್ದರೆ ವೈದ್ಯೆಯ ಬಳಿಗೆ ಹೋಗಬೇಕು. ಸ್ರಾವ ಏಳು ದಿನ ಮೀರುವುದು, ಗಂಟೆಗೊಂದು ಪ್ಯಾಡ್ ತೋಯುವುದು, ಕೆಟ್ಟ ವಾಸನೆ, ತುರಿಕೆ, ಉರಿಮೂತ್ರ, 15 ತುಂಬಿದರೂ ಮುಟ್ಟು ಆರಂಭವಾಗದಿರುವುದು. ರಕ್ತದ ಪ್ರಮಾಣ ಕಣ್ಣಿಗೆ ಕಾಣದಿದ್ದರೂ ಪ್ಯಾಡಿನ ಭಾರ ಮತ್ತು ದಿನಕ್ಕೆ ಬದಲಿಸಿದ ಸಂಖ್ಯೆಯಿಂದ ತಿಳಿಯುತ್ತದೆ. ಆ ಸಂಖ್ಯೆಯನ್ನು ನೆನಪಿಡಲು ಕಲಿಸಿ. ವೈದ್ಯೆಯ ಮುಂದೆ ಮಗಳೇ ಮಾತಾಡಲಿ. ತಾಯಿ ಪಕ್ಕದಲ್ಲಿದ್ದರೆ ಸಾಕು.

ಗಂಡುಮಕ್ಕಳು: ಹೇಳದೆ ಉಳಿದ ಒಂದು ಭಯ

ಗಂಡುಮಕ್ಕಳೊಂದಿಗೆ ಈ ವಿಷಯ ಮಾತಾಡುವವರು ಇನ್ನೂ ಕಡಿಮೆ. ನಿದ್ರೆಯಲ್ಲಿ ವೀರ್ಯಸ್ಖಲನವಾಗುವುದು ಹರೆಯದ ಸಹಜ ಕ್ರಿಯೆ. ಅದು ಪಾಪವಲ್ಲ, ಕಾಯಿಲೆಯಲ್ಲ. ಎದ್ದಾಗ ಬಟ್ಟೆ ಒದ್ದೆಯಾಗಿರುವುದು ಕೈಗೆ ತಿಳಿದರೆ ಸ್ನಾನ ಕಡ್ಡಾಯ. ಉದ್ರೇಕವಾದಾಗ ಬರುವ ತೆಳುವಾದ ಅಂಟು ದ್ರವಕ್ಕೆ ಸ್ನಾನ ಬೇಡ. ಅದು ತಾಗಿದಲ್ಲಿ ತೊಳೆದು ವುಝೂ ಮಾಡಿದರೆ ಸಾಕು. ಈ ವ್ಯತ್ಯಾಸವನ್ನು ತಂದೆ ಹೇಳಿಕೊಡದಿದ್ದರೆ ಹುಡುಗ ದಿನವೂ ಸಂಶಯದಲ್ಲಿ ಬೇಯುತ್ತಾನೆ, ಇಲ್ಲವೇ ಏನೂ ತಿಳಿಯದೆ ಹಾಗೆಯೇ ನಮಾಝಿಗೆ ನಿಲ್ಲುತ್ತಾನೆ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ವೀರ್ಯ ಹೋದರೆ ನರ ಸಡಿಲವಾಗುತ್ತದೆ, ಕಣ್ಣು ಮಂಕಾಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಇದೆ. ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತುಗಳೂ ಅದನ್ನೇ ಸಾರುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅನುವಂಶೀಯ ಅಕ್ಷಿಪಟಲದ ಕಾಯಿಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇದರಲ್ಲಿ ಮೊದಲು ಇರುಳುಗುರುಡು ಬರುತ್ತದೆ, ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಹೋಗುತ್ತದೆ. ಹಲವರಲ್ಲಿ ಇದು ಗಮನಕ್ಕೆ ಬರುವುದು ಬಾಲ್ಯ ಮುಗಿದು ಹರೆಯ ಶುರುವಾಗುವ ಹೊತ್ತಿನಲ್ಲೇ. ಹದಿನಾಲ್ಕರ ಹುಡುಗನಿಗೆ ಸ್ವಪ್ನಸ್ಖಲನ ಆರಂಭವಾಗುವುದಕ್ಕೂ ಸಂಜೆಯ ಹೊತ್ತು ದಾರಿ ಕಾಣದೆ ಎಡವುವುದಕ್ಕೂ ಒಂದೇ ಕಾಲ ಕೂಡಿಬಂದರೆ ಅವನು ಏನೆಂದುಕೊಂಡಾನು? ‘ನನ್ನ ತಪ್ಪಿಗೆ ಅಲ್ಲಾಹನು ಕಣ್ಣು ಕಿತ್ತುಕೊಳ್ಳುತ್ತಿದ್ದಾನೆ’ ಎಂದುಕೊಳ್ಳಬಹುದು. ಹಾಗೆಂದುಕೊಂಡವನು ಕಣ್ಣು ಮಂಜಾಗುತ್ತಿದೆ ಎಂದು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದರೆ ಇನ್ನೊಂದೂ ಬಯಲಾದೀತೆಂಬ ಭಯ. ಚಿಕಿತ್ಸೆಯೂ ತಡವಾಗುತ್ತದೆ, ಮನಸ್ಸೂ ಕುಗ್ಗುತ್ತದೆ.

ಆದ್ದರಿಂದ ತಂದೆಯಂದಿರು ಇದನ್ನು ಸ್ಪಷ್ಟವಾಗಿ ಹೇಳಬೇಕು: ವೀರ್ಯಕ್ಕೂ ದೃಷ್ಟಿಗೂ ಯಾವ ಸಂಬಂಧವೂ ಇಲ್ಲ. ಸ್ವಪ್ನಸ್ಖಲನದಿಂದಾಗಲಿ, ಗುಪ್ತಾಂಗ ಮುಟ್ಟಿಕೊಂಡದ್ದರಿಂದಾಗಲಿ ಯಾರ ಕಣ್ಣೂ ಹೋಗುವುದಿಲ್ಲ. ಸಂಯಮವನ್ನು ಧರ್ಮದ ಕಾರಣ ಹೇಳಿ ಕಲಿಸಿ. ಸುಳ್ಳು ವೈದ್ಯಕೀಯ ಭಯ ಹುಟ್ಟಿಸಿ ಕಲಿಸಬೇಡಿ. ಮಗ ರಾತ್ರಿ ಹೊತ್ತು ಹೊರಗೆ ಬರಲು ಹಿಂಜರಿದರೆ, ಮಸೀದಿಯ ಮೆಟ್ಟಿಲಲ್ಲಿ ಪದೇಪದೇ ಎಡವಿದರೆ ಅಕ್ಷಿಪಟಲ ಪರೀಕ್ಷೆ ಮಾಡಿಸಿ.

ಕಂಕುಳು ಮತ್ತು ಕೆಳಭಾಗದ ರೋಮ ತೆಗೆಯುವುದನ್ನು 40 ದಿನಗಳಿಗಿಂತ ಹೆಚ್ಚು ಮುಂದೂಡಬಾರದೆಂಬ ನಿರ್ದೇಶವಿದೆ. ಕಾಣದವರಿಗೆ ಬರೀ ಬ್ಲೇಡಿಗಿಂತ ರಕ್ಷಣಾ ಪಟ್ಟಿಯಿರುವ ಟ್ರಿಮ್ಮರ್ ಸುರಕ್ಷಿತ. ಒಂದು ಕೈಯಿಂದ ಚರ್ಮ ಬಿಗಿಹಿಡಿದು ಇನ್ನೊಂದರಿಂದ ತೆಗೆಯುವುದನ್ನು ಮೊದಲು ತೋಳಿನ ಮೇಲೆ ಅಭ್ಯಾಸ ಮಾಡಿಸಿ.

ಎಲ್ಲರೂ ಮುಟ್ಟುವ ಮೈ

ಅಂಧ ಮಗುವಿನ ಮೈಯನ್ನು ಎಲ್ಲರೂ ಮುಟ್ಟುತ್ತಾರೆ. ದಾರಿಯಲ್ಲಿ ಅಪರಿಚಿತರು ಕೇಳದೆ ರಟ್ಟೆ ಹಿಡಿಯುತ್ತಾರೆ, ಬಸ್ಸಿನಲ್ಲಿ ಭುಜ ತಳ್ಳಿ ಕೂರಿಸುತ್ತಾರೆ. ಎಲ್ಲವೂ ಸಹಾಯದ ಹೆಸರಿನಲ್ಲಿ. ಹೀಗೆ ಬೆಳೆದವರಿಗೆ ‘ಮುಟ್ಟಬೇಡಿ’ ಎನ್ನುವ ಹಕ್ಕು ತನಗಿದೆ ಎಂಬುದೇ ಮರೆತುಹೋಗುತ್ತದೆ. ಕೆಟ್ಟ ಉದ್ದೇಶದವರು ಒಳಬರುವುದು ಈ ಬಾಗಿಲಿನಿಂದಲೇ.

ಸರಿಯಾದ ಕ್ರಮ ಸುಲಭ. ಸಹಾಯ ಮಾಡುವವರು ಅಂಧರ ಕೈ ಹಿಡಿಯಬಾರದು. ಅಂಧರೇ ಸಹಾಯಕರ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಬೇಕಾದಾಗ ಹಿಡಿಯುವುದು, ಬೇಡವಾದಾಗ ಬಿಡುವುದು ಆಗ ಅವರ ಕೈಯಲ್ಲೇ ಇರುತ್ತದೆ. ಮಹ್ರಮ್ ಅಲ್ಲದವರ ಜೊತೆ ಹೋಗಬೇಕಾದರೆ ಬಿಳಿಕೋಲಿನ ಅಥವಾ ಚೀಲದ ಒಂದು ತುದಿ ಹಿಡಿಯಬಹುದು, ಧ್ವನಿ ಅನುಸರಿಸಿ ನಡೆಯಬಹುದು. ಬಿಳಿಕೋಲು ಬಳಸಲು ಕಲಿತವರಿಗೆ ಇಷ್ಟೂ ಬೇಕಾಗುವುದು ಕಡಿಮೆ. ‘ಹೆಣ್ಣುಮಗಳ ಕೈಯಲ್ಲಿ ಕೋಲು ಕೊಟ್ಟರೆ ಜನ ಏನೆಂದಾರು’ ಎಂದು ಹಿಂಜರಿಯುವ ಹೆತ್ತವರು, ಕೋಲಿಲ್ಲದಿದ್ದರೆ ಅವಳು ಯಾರ್ಯಾರ ಕೈ ಹಿಡಿಯಬೇಕಾಗುತ್ತದೆ ಎಂಬುದನ್ನು ಯೋಚಿಸಲಿ.

ಮನೆಯ ಸದಸ್ಯ, ನೆರೆಯವ, ಶಿಕ್ಷಕ, ವಾಹನ ಚಾಲಕ, ಉಸ್ತಾದ್ ಯಾರೇ ಆಗಲಿ, ಬೇಡವಾದ ಸ್ಪರ್ಶವನ್ನು ನಿರಾಕರಿಸಬಹುದು, ಕೂಗಬಹುದು, ಬಂದು ಹೇಳಬಹುದು, ಹೇಳಿದ್ದನ್ನು ನಾವು ನಂಬುತ್ತೇವೆ ಎಂಬ ಭರವಸೆ ಮಗುವಿಗಿರಬೇಕು. ‘ಕಾಣದವಳು, ಯಾರೆಂದು ಹೇಗೆ ಗೊತ್ತು’ ಎಂದು ಅವಳ ಮಾತನ್ನು ತಳ್ಳಿಹಾಕಬೇಡಿ. ಧ್ವನಿ, ಹೆಜ್ಜೆಯ ಸದ್ದು, ಅತ್ತರಿನ ವಾಸನೆ, ಕೈಯ ಒರಟುತನ ಇವುಗಳಿಂದ ಅವಳು ಮನುಷ್ಯರನ್ನು ಗುರುತಿಸಬಲ್ಲಳು.

ಕಾನೂನೂ ಅವಳ ಪಕ್ಕದಲ್ಲಿದೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಅಂಗವೈಕಲ್ಯವನ್ನು ದುರುಪಯೋಗಪಡಿಸಿಕೊಂಡು ನಡೆಸಿದ ದೌರ್ಜನ್ಯ ಹೆಚ್ಚು ಗಂಭೀರ ಅಪರಾಧ. 18 ದಾಟಿದ ಯುವತಿಗೂ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ರಕ್ಷಣೆಯಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ವಿಕಲಚೇತನರು ಠಾಣೆಗೆ ಹೋಗಬೇಕೆಂದಿಲ್ಲ. ಪೊಲೀಸರು ಅವರ ಮನೆಗೆ ಅಥವಾ ಅವರಿಗೆ ಅನುಕೂಲವಾದ ಜಾಗಕ್ಕೆ ಬಂದು ಹೇಳಿಕೆ ದಾಖಲಿಸಬೇಕು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಎರಡೂ ಸಂಖ್ಯೆಗಳನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಮೊಬೈಲಿನ ಬಗ್ಗೆಯೂ ಒಂದು ಮಾತು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದಿಂದ ಅಂಧ ಯುವಕರಿಗೆ ಜಗತ್ತು ತೆರೆದಿದೆ. ಅದನ್ನು ಕಿತ್ತುಕೊಳ್ಳಬೇಡಿ. ಆದರೆ ತಮ್ಮ ಫೋಟೊದಲ್ಲಿ ಏನು ಕಾಣುತ್ತಿದೆ, ವೀಡಿಯೊ ಕರೆಯಲ್ಲಿ ಕ್ಯಾಮರಾ ತೆರೆದಿದೆಯೇ ಎಂಬುದು ಅವರಿಗೆ ತಿಳಿಯದು. ನಂಬಿಕಸ್ಥರಿಗೆ ತೋರಿಸದೆ ಯಾವ ಫೋಟೊವನ್ನೂ ಕಳುಹಿಸಬಾರದು, ಬೇಡದಿದ್ದಾಗ ಕ್ಯಾಮರಾದ ಮೇಲೆ ಪಟ್ಟಿ ಅಂಟಿಸಿರಬೇಕು ಎಂಬ ಎರಡು ನಿಯಮ ಕಲಿಸಿ.

‘ನಾನು ಯಾರು?’

ಹರೆಯದಲ್ಲಿ ಪ್ರತಿಯೊಬ್ಬರಲ್ಲೂ ಏಳುವ ಪ್ರಶ್ನೆಯಿದು. ಕಾಣುವ ಮಕ್ಕಳು ಕನ್ನಡಿಯ ಮುಂದೆ ನಿಂತು ಈ ಪ್ರಶ್ನೆ ಕೇಳಿಕೊಳ್ಳುತ್ತಾರೆ. ಕಾಣದವರಿಗೆ ಇತರರ ಮಾತೇ ಕನ್ನಡಿ. ಆ ಕನ್ನಡಿಯಲ್ಲಿ ದಿನವೂ ‘ಪಾಪ’ ಎಂಬ ಒಂದೇ ಪ್ರತಿಬಿಂಬ ಕಂಡರೆ?

ಈಜಿಪ್ಟಿನ ಲೇಖಕ ತಾಹಾ ಹುಸೈನ್ (1889–1973) ಎಳವೆಯಲ್ಲಿ ಕಣ್ಣಿನ ಬೇನೆಗೆ ಮಾಡಿದ ತಪ್ಪು ಚಿಕಿತ್ಸೆಯಿಂದ ದೃಷ್ಟಿ ಕಳೆದುಕೊಂಡವರು. ಅಝ್ಹರ್‌ನಲ್ಲಿ ಓದಿ, ಫ್ರಾನ್ಸಿನಲ್ಲಿ ಉನ್ನತ ಶಿಕ್ಷಣ ಪಡೆದು, 1950ರಲ್ಲಿ ತಮ್ಮ ದೇಶದ ಶಿಕ್ಷಣ ಸಚಿವರಾದರು. ಅವರ ಕೆಲವು ವಿಚಾರಗಳ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಆದರೆ ‘ಅಲ್ ಅಯ್ಯಾಮ್’ ಎಂಬ ಆತ್ಮಕಥೆಯಲ್ಲಿ ಅವರು ಬರೆದ ಒಂದು ಘಟನೆ ಎಲ್ಲ ಹೆತ್ತವರೂ ತಿಳಿದಿರಬೇಕಾದುದು. ಬಾಲಕನಾಗಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತಾಗ, ತುತ್ತನ್ನು ಎರಡೂ ಕೈಗಳಿಂದ ತೆಗೆದರೆ ಹೇಗಿರುತ್ತದೆಂಬ ಕುತೂಹಲದಿಂದ ಹಾಗೆಯೇ ಮಾಡಿದರು. ಅಣ್ಣಂದಿರು ನಕ್ಕರು. ತಾಯಿ ಅತ್ತರು. ತಂದೆ ಮೆಲುದನಿಯಲ್ಲಿ ತಿದ್ದಿದರು. ಅಷ್ಟೇ. ಆದರೆ ಆ ನಗು ಎಷ್ಟು ಆಳಕ್ಕಿಳಿಯಿತೆಂದರೆ ಚಮಚದಲ್ಲಿ ತಿನ್ನುವ ಆಹಾರವನ್ನೇ ಅವರು ವರ್ಷಗಟ್ಟಲೆ ಬಿಟ್ಟರು. ನಕ್ಕವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದು ಒಳ್ಳೆಯ ಕುಟುಂಬವೇ ಆಗಿತ್ತು.

ಇನ್ನೊಂದು ಬದಿಯಲ್ಲಿ ಹಝ್ರತ್ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಇದ್ದಾರೆ. ಅಂಧರಾದ ಅವರ ವಿಷಯದಲ್ಲಿ ಸೂರಃ ಅಬಸದ ಆರಂಭದ ಸೂಕ್ತಗಳು ಅವತೀರ್ಣವಾದುದು ಎಲ್ಲರಿಗೂ ಗೊತ್ತು. ಅವರ ಬದುಕು ಅಲ್ಲಿಗೇ ನಿಲ್ಲಲಿಲ್ಲ. ಮದೀನಾದಲ್ಲಿ ಹಝ್ರತ್ ಬಿಲಾಲರ(ರ) ಜೊತೆ ಅವರೂ ಮುಅದ್ದಿನ್ ಆದರು. ಬೆಳಗಾಯಿತೆಂದು ಜನ ಹೇಳಿದ ಮೇಲೆಯೇ ಅವರು ಅದಾನ್ ಕೊಡುತ್ತಿದ್ದರು. ಪ್ರವಾದಿವರ್ಯರು(ಸ) ಮದೀನಾದಿಂದ ಹೊರಗೆ ಹೋದ ಹಲವು ಸಂದರ್ಭಗಳಲ್ಲಿ ಅವರನ್ನೇ ಅಲ್ಲಿನ ಹೊಣೆಗಾರರನ್ನಾಗಿ ನೇಮಿಸಿದ್ದರು. ಸಮಯ ತಿಳಿಯಲು ಇತರರ ಕಣ್ಣು ಬೇಕಿತ್ತು. ಆದರೂ ಅದಾನಿನ ಹೊಣೆ ಅವರದೇ ಆಗಿತ್ತು. ಸಹಾಯ ಪಡೆಯುವುದಕ್ಕೂ ಸ್ವಂತ ವ್ಯಕ್ತಿತ್ವಕ್ಕೂ ವಿರೋಧವಿಲ್ಲವೆಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ಬೇರೆ ಬೇಕೇ?

ಮನೆಯಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ. ಇಪ್ಪತ್ತರ ಮಗಳಿಗೂ ತಾಯಿಯೇ ತಲೆ ಬಾಚಿ, ಹಿಜಾಬ್ ಕಟ್ಟುವುದನ್ನು ನಿಲ್ಲಿಸಿ, ಕೈ ಹಿಡಿದು ಒಂದು ವಾರ ಕಲಿಸಿ. ಬಟ್ಟೆಗಳ ಒಳಬದಿಯಲ್ಲಿ ಬಣ್ಣಕ್ಕೊಂದರಂತೆ ಬೇರೆಬೇರೆ ಗುಂಡಿ ಅಥವಾ ಗಂಟು ಹೊಲಿದುಕೊಟ್ಟರೆ ಅವಳೇ ಆರಿಸಿಕೊಳ್ಳುತ್ತಾಳೆ. ಅವಳ ಮೈಬಣ್ಣ, ಎತ್ತರ, ಮುಖಲಕ್ಷಣ ಹೇಗಿದೆಯೆಂದು ಕೇಳಿದರೆ ನಿಜ ಹೇಳಿ. ಮಗನಿಗೆ ಅಂಗಡಿಗೆ ಹೋಗುವ, ನೆಂಟರ ಮನೆಗೆ ಸಲಾಮ್ ಹೇಳಿ ಬರುವ ಹೊಣೆ ಕೊಡಿ. ಮಂದದೃಷ್ಟಿಯ ಮಕ್ಕಳು ತಮಗೆ ಕಾಣುವುದಿಲ್ಲವೆಂಬುದನ್ನು ಗೆಳೆಯರಿಂದ ಮುಚ್ಚಿಡಲು ಹೆಣಗುತ್ತಾರೆ. ‘ಸ್ವಲ್ಪ ಓದಿ ಹೇಳ್ತೀಯಾ?’ ಎಂದು ಕೇಳುವುದು ಸೋಲಲ್ಲವೆಂದು ಅವರಿಗೆ ತಿಳಿಸಿ.

ಮದುವೆ: ಕರುಣೆಯಲ್ಲ, ಕರಾರು

ಅಂಧರನ್ನು ನಮ್ಮ ಸಮಾಜ ಎರಡು ರೀತಿಯಲ್ಲಿ ನೋಡುತ್ತದೆ: ಒಂದೋ ಮಗು, ಇಲ್ಲವೇ ಸಂತ. ಇಬ್ಬರಿಗೂ ಮದುವೆಯ ಆಸೆ ಇರುವುದಿಲ್ಲವೆಂದು ಭಾವಿಸುತ್ತದೆ. ತಂಗಿಯ ನಿಕಾಹ್ ಮುಗಿದು, ತಮ್ಮನ ಮಾತುಕತೆಯೂ ಆರಂಭವಾದಾಗ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಅಕ್ಕನನ್ನು ಯಾರೂ ಏನೂ ಕೇಳುವುದಿಲ್ಲ. ಇನ್ನು ಕೆಲವು ಕಡೆ, ಸಿಕ್ಕಿದ ಸಂಬಂಧವೇ ಭಾಗ್ಯವೆಂದು ಎರಡು ಪಟ್ಟು ವಯಸ್ಸಿನವರಿಗೆ ಒಪ್ಪಿಸಿಬಿಡುತ್ತಾರೆ. ತಂದೆ ತನ್ನ ಒಪ್ಪಿಗೆಯಿಲ್ಲದೆ ಮಾಡಿಸಿದ ವಿವಾಹದ ಬಗ್ಗೆ ಖನ್ಸಾ ಬಿಂತ್ ಖಿದಾಮ್(ರ) ದೂರು ತಂದಾಗ ಪ್ರವಾದಿವರ್ಯರು(ಸ) ಆ ವಿವಾಹವನ್ನು ರದ್ದುಪಡಿಸಿದ್ದರು. ಕಣ್ಣಿಲ್ಲದ ಮಗಳ ಒಪ್ಪಿಗೆಗೂ ಅದೇ ತೂಕವಿದೆ.

ಹೆಣ್ಣು-ಗಂಡು ನೋಡುವ ಉದ್ದೇಶ ಪರಸ್ಪರ ತಿಳಿಯುವುದು. ಕಾಣದವರಿಗೆ ಮಾತೇ ನೋಟ. ಮಹ್ರಮ್‌ನ ಸಮ್ಮುಖದಲ್ಲಿ ಒಂದಲ್ಲ, ಎರಡು-ಮೂರು ಬಾರಿ ಮಾತಾಡಲು ಅವಕಾಶ ಕೊಡಿ. ದೃಷ್ಟಿದೋಷದ ಪ್ರಮಾಣ ಎಷ್ಟು, ಅದು ಮುಂದೆ ಹೆಚ್ಚುವುದೇ ಎಂಬುದನ್ನು ಎದುರು ಕಡೆಯವರಿಂದ ಮುಚ್ಚಿಡಬೇಡಿ.

‘ಹುಟ್ಟುವ ಮಕ್ಕಳಿಗೂ ಹೀಗೆಯೇ ಆಗುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರ ಕಾಯಿಲೆಯನ್ನು ಅವಲಂಬಿಸಿದೆ. ಅಪಘಾತ, ಸೋಂಕು, ವಿಟಮಿನ್ ‘ಎ’ ಕೊರತೆ, ಅವಧಿಗೆ ಮೊದಲೇ ಹುಟ್ಟಿದ್ದರಿಂದಾದ ಅಕ್ಷಿಪಟಲದ ಹಾನಿ ಇವು ಮಕ್ಕಳಿಗೆ ಬರುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾದಂಥವು ಅನುವಂಶೀಯ. ಅದರಲ್ಲೂ ಹಲವು ಬಗೆಗಳಿವೆ. ಒಂದು ಬಗೆಯಲ್ಲಿ ತಂದೆ-ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಒಂದೇ ದೋಷಯುಕ್ತ ವಂಶವಾಹಿ ಅಡಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಚಿಕ್ಕಪ್ಪ, ಸೋದರತ್ತೆಯ ಮಕ್ಕಳೊಳಗೆ ಮದುವೆ ಅನುಮತಿಸಲ್ಪಟ್ಟಿದೆಯೇ ಹೊರತು ಕಡ್ಡಾಯವಲ್ಲ. ಕುಟುಂಬದಲ್ಲಿ ಇಂಥ ಅಂಧತ್ವ ಇದ್ದರೆ ಸಂಬಂಧದೊಳಗೆ ಮಾತು ಕೊಡುವ ಮೊದಲು ದೊಡ್ಡ ಕಣ್ಣಿನ ಆಸ್ಪತ್ರೆಯಲ್ಲಿ ವಂಶವಾಹಿ ಸಮಾಲೋಚನೆ ಪಡೆಯಿರಿ.

ಅಂಧ ತಾಯಿ ಮಗುವನ್ನು ಸಾಕಲಾರಳೆಂದು ಗರ್ಭಪಾತಕ್ಕೆ, ಸಂತಾನಹರಣಕ್ಕೆ ಒತ್ತಾಯಿಸುವುದು ಅನ್ಯಾಯ. ಸಂತಾನದ ವಿಷಯದಲ್ಲಿ ಸೂಕ್ತ ಮಾಹಿತಿ ಪಡೆಯುವ ಹಕ್ಕನ್ನು ಕಾಯ್ದೆಯ 10ನೇ ಕಲಮು ಕೊಡುತ್ತದೆ. ಮುಕ್ತ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ನಾಶಪಡಿಸುವ ಚಿಕಿತ್ಸೆಯನ್ನೂ ಅದು ನಿಷೇಧಿಸುತ್ತದೆ.

ಈ ವಾರವೇ ಆರಂಭಿಸಿ

• ಮಗುವಿನ ಕೋಣೆಗೆ ಹೋಗುವಾಗ ಬಾಗಿಲು ತಟ್ಟಿ, ಹೆಸರು ಹೇಳಿ.
• ಒಂಬತ್ತು ತುಂಬಿದ ಮಗಳ ಕೈಗೆ ಪ್ಯಾಡ್ ಕೊಟ್ಟು ಅಭ್ಯಾಸ ಮಾಡಿಸಿ.
• ಮಗನೊಂದಿಗೆ ಸ್ವಪ್ನಸ್ಖಲನ ಮತ್ತು ಸ್ನಾನದ ಬಗ್ಗೆ ತಂದೆಯೇ ಮಾತಾಡಲಿ. ವೀರ್ಯಕ್ಕೂ ದೃಷ್ಟಿಗೂ ಸಂಬಂಧವಿಲ್ಲವೆಂದು ತಿಳಿಸಲಿ.
• ನೆಂಟರಿಗೂ ನೆರೆಯವರಿಗೂ ಹೇಳಿ: ಕೈ ಹಿಡಿದು ಎಳೆಯಬೇಡಿ, ಮೊಣಕೈ ಕೊಡಿ.
• 1098 ಮತ್ತು 181 ಬಾಯಿಪಾಠ ಮಾಡಿಸಿ.
• ಮದ್ರಸದ ಉಸ್ತಾದರೊಂದಿಗೆ ಮಾತಾಡಿ, ವುಝೂ-ಸ್ನಾನದ ಪಾಠವನ್ನು ಅಂಧ ಮಕ್ಕಳಿಗೆ ಕೈಹಿಡಿದು ಕಲಿಸುವ ವ್ಯವಸ್ಥೆ ಮಾಡಿಸಿ.

ಇವುಗಳಲ್ಲಿ ಹಣ ಬೇಕಾದದ್ದು ಯಾವುದೂ ಇಲ್ಲ. ಬೇಕಾದುದು ಅರ್ಧ ಗಂಟೆಯ ಬಿಡುವು ಮತ್ತು ಬಾಯಿಬಿಟ್ಟು ಹೇಳುವ ಧೈರ್ಯ. ಮಕ್ಕಳು ನಮ್ಮ ಕೈಗೆ ಬಂದ ಅಮಾನತ್. ಆ ಅಮಾನತ್‌ನ ಬಗ್ಗೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ‘ಅವನಿಗೆ ಕಾಣುತ್ತಿರಲಿಲ್ಲ’ ಎಂದರೆ ಅದು ಉತ್ತರವಾಗಲಾರದು. ಕಾಣದವನಿಗೆ ನೀವು ಏನು ಹೇಳಿಕೊಟ್ಟಿರಿ ಎಂಬುದೇ ಅಲ್ಲಿನ ಪ್ರಶ್ನೆ.